ಭಾಗ 3: ತಾಳೆ ಆಗಲಿಲ್ಲ ಅಂದ್ರ ನಿಲ್ಲು

ಹೋದ ಭಾಗ ಓದಿ ಭಾಳ ಮಂದಿ ಡಿಎಂ ಮಾಡಿ ಕೇಳಿದ್ರಿ: "ಬಿಕಾಂ ಓದೋರಿಗೆ ಈ ಬಿಲ್ಡ್ ಗಿಲ್ಡ್ ಎಲ್ಲಾ ಯಾಕ ಬೇಕು?" ಇವತ್ತಿನ ಕ್ಯಾಪ್ಶನ್ ಅದಕ್ಕೇ ಉತ್ತರ. ಉದ್ದ ಅದ, ಸೇವ್ ಮಾಡ್ಕೊಂಡು ಓದ್ರಿ. ಉಳಿದದ್ದು ಪಿನ್ ಮಾಡಿದ ಕಮೆಂಟಿನಾಗ.

ಹೊಸಬರಿಗೆ ಮೊದಲು ಹಿನ್ನೆಲೆ. ಕಮಲಾಪುರದ ಕೆಂಪು ಬಾಳೆ ಗೊತ್ತಲ್ಲ, ಜಿಐ ಟ್ಯಾಗ್ ಇರೋದು? ನಮ್ಮ ಕಾಕಾ ಮತ್ತು ಬಾಜೂ ಹೊಲದ ಐದಾರು ಮನಿಯವರು ಕೂಡಿ ಒಂದೇ ಗಾಡಿಯಾಗ ಹಣ್ಣು ಕಲಬುರಗಿಗೆ ಕಳಿಸ್ತಾರ. ಯಾವ ಮನಿದು ಎಷ್ಟು ಕಿಲೋ ಅಂತ ಒಂದು ಶೀಟಿನಾಗ ಬರೀತಾರ. ಹೆಸರಿಲ್ಲ, ಮನಿಗೊಂದು ನಂಬರ್. ಆ ಶೀಟ್ ಸಿಎಸ್‌ವಿ ಫೈಲ್ ಆಗಿ ಗಿಟ್‌ಹಬ್‌ಗೆ ಹೋದ ಕೂಡಲೇ ಜೆಕಿಲ್ ಅನ್ನೋ ಸಾಫ್ಟ್‌ವೇರ್ ಅದನ್ನ ಓದಿ, ಕೂಡಿಸಿ, ವೆಬ್ ಪೇಜ್ ತಯಾರು ಮಾಡ್ತದ. ಇದೇ ಬಿಲ್ಡ್. ಯಾರೂ ಬಟನ್ ಒತ್ತೋ ಕೆಲಸ ಇಲ್ಲ.

ಪೇಜಿನ ಲಿಂಕ್ ಯಾರಿಗೂ ಕಳಿಸೋ ಮೊದಲು ಒಂದು ವಾರದ ಲೆಕ್ಕ ಹಾಕಿ, ಕಾಕಾನ ನೋಟ್‌ಬುಕ್ ಜೋಡಿ ತಾಳೆ ನೋಡಿದೆ.

ನೋಟ್‌ಬುಕ್: 612 ಕಿಲೋ.
ಪೇಜ್: 567 ಕಿಲೋ.

ಎರರ್ ಇಲ್ಲ. ಗಿಟ್‌ಹಬ್‌ನಾಗ ಹಸಿರು ಟಿಕ್. 45 ಕಿಲೋ ಹಣ್ಣು ಮಾತ್ರ ಮಾಯ.

ಹುಡುಕಿದರೆ ಕಾರಣ ಸಿಕ್ತು. ಆ ದಿನ ಎಂಟ್ರಿ ಮಾಡಿದ್ದು ಕಾಕಾ. ಅವರ ಫೋನಿನಾಗ ಕನ್ನಡ ಕೀಬೋರ್ಡ್. 45 ಅಲ್ಲ, ೪೫ ಅಂತ ಟೈಪ್ ಆಗಿತ್ತು. ಜೆಕಿಲ್ ಬರೆದಿರೋದು ರೂಬಿ ಭಾಷೆಯಲ್ಲಿ. ಕನ್ನಡ ಅಂಕಿಯನ್ನ ಸಂಖ್ಯೆ ಮಾಡು ಅಂದ್ರ ರೂಬಿ ಗೊತ್ತಿಲ್ಲ ಅನ್ನೋದಿಲ್ಲ, ಸುಮ್ನೆ 0 ಕೊಟ್ಟು ಮುಂದ ಹೋಗ್ತದ. ವರ್ಷದ ಮ್ಯಾಲ ಕಾದು ಕೊಯ್ದ ಹಣ್ಣು, ಒಂದು ಮನಿಯ ಒಂದು ದಿನದ ದುಡ್ಡು, ಸೊನ್ನೆ.

ಕಾಕಾನ ಮಗ, ನನ್ನ ತಮ್ಮ, "ಇನ್ಮುಂದ ಇಂಗ್ಲಿಷ್ ಅಂಕಿನೇ ಹೊಡಿ ಅಪ್ಪಾ" ಅಂದ. ಕಾಕಾ ಕೇಳಿದ್ರು: "ಕನ್ನಡದಾಗ ಬರದ್ರ ಲೆಕ್ಕಕ್ಕ ಬರಂಗಿಲ್ಲೇನು?"

ಕೇಳಿದ್ದು ಸರಿ ಇತ್ತು. ಬದಲಾಗಬೇಕಾದ್ದು ಕಾಕಾ ಅಲ್ಲ, ಬಿಲ್ಡ್.

ಗಿಟ್‌ಹಬ್ ಪೇಜಸ್ ತಾನಾಗೇ ಮಾಡೋ ಜೆಕಿಲ್ ಬಿಲ್ಡ್ ಒಳಗ ನಮ್ಮ ಸ್ವಂತ ಸ್ಕ್ರಿಪ್ಟ್ ಓಡೋದಿಲ್ಲ. ಹಾಗಾಗಿ ಸೆಟ್ಟಿಂಗ್ಸ್‌ಗೆ ಹೋಗಿ, ಪೇಜಸ್ ಒಳಗ ಸೋರ್ಸ್ ಅನ್ನ "ಗಿಟ್‌ಹಬ್ ಆ್ಯಕ್ಷನ್ಸ್" ಅಂತ ಬದಲಿಸ್ರಿ. ಆಮೇಲೆ ಒಂದು ಯಾಮಲ್ ಫೈಲಿನಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ನೀವೇ ಬರೀಬಹುದು. ನಮ್ಮದು ನಾಲ್ಕು ಹೆಜ್ಜೆ:

1. ಓದು: ಸಣ್ಣ ಪೈಥಾನ್ ಸ್ಕ್ರಿಪ್ಟ್. ಪೈಥಾನ್‌ಗೆ ೪೫ ಕೊಟ್ರೂ 45 ಅಂತನೇ ಓದ್ತದ! ಎಲ್ಲಾ ಅಂಕಿ ಒಂದೇ ರೂಪಕ್ಕೆ ಬರ್ತವ.
2. ತಾಳೆ: ಗಾಡಿ ಹೊರಡೋ ಮುಂಚೆ ತಮ್ಮ ಒಟ್ಟು ತೂಕ ಬೇರೆ ಬರೀತಾನ. ಎಲ್ಲಾ ಮನಿ ಕೂಡಿಸಿದ್ರ ಅದೇ ಬರಬೇಕು. ಬರಲಿಲ್ಲ ಅಂದ್ರ ಸ್ಕ್ರಿಪ್ಟ್ 1 ಅಂತ ಹೇಳಿ ಮುಗೀತದ. ಇಲ್ಲಿ 0 ಅಂದ್ರ ಸರಿ, ಬೇರೆ ಏನೇ ಬಂದ್ರೂ ಫೇಲ್. ಫೇಲ್ ಆದ್ರ ಮುಂದಿನ ಹೆಜ್ಜೆ ಓಡೋದಿಲ್ಲ.
3. ಜೆಕಿಲ್ ಪೇಜ್ ಕಟ್ತದ.
4. ಪೇಜ್ ಹೊರಗ ಬರ್ತದ.

2ನೇ ಹೆಜ್ಜೆ ಎಲ್ಲೋ ನೋಡಿದಂಗ ಅದ ಅಲ್ಲ? ಫಸ್ಟ್ ಸೆಮ್‌ನಾಗ ಬಡಕೊಂಡು ಮಾಡಿದ ಟ್ರಯಲ್ ಬ್ಯಾಲೆನ್ಸ್ ಅದು. ತಾಳೆ ಆಗದ ಹೊರತು ಮುಂದಿನ ಸ್ಟೇಟ್‌ಮೆಂಟ್ ಇಲ್ಲ.

ಆದರೆ ಟ್ರಯಲ್ ಬ್ಯಾಲೆನ್ಸ್ ಪಾಠದ ಇನ್ನೊಂದು ಅರ್ಧವೂ ನೆನಪಿಡ್ರಿ: ತಾಳೆ ಆಯ್ತು ಅಂದ ಮಾತ್ರಕ್ಕೆ ಎಲ್ಲಾ ಸರಿ ಅಂತಲ್ಲ. 3ನೇ ಮನಿಯ 45 ಕಿಲೋ 4ನೇ ಮನಿಗೆ ಬಿದ್ದರೂ ಒಟ್ಟು ಅಷ್ಟೇ ಇರ್ತದ. ನಾವು ಎರರ್ ಆಫ್ ಕಮಿಷನ್ ಅಂತ ಓದೀವಲ್ಲ, ಅದೇ. ಅದನ್ನ ಯಾವ ಸ್ಕ್ರಿಪ್ಟೂ ಹಿಡಿಯೋದಿಲ್ಲ, ಆ ಮನಿಯವರೇ ಹಿಡೀಬೇಕು. ಅದಕ್ಕೇ ಪೇಜಿನಾಗ ಒಟ್ಟು ಮಾತ್ರ ಅಲ್ಲ, ಮನಿಪ್ರಕಾರ, ದಿನಪ್ರಕಾರ ಲೆಕ್ಕ ಇಟ್ಟೀವಿ.

ಇನ್ನೊಂದು ಮಾತು. ಬಿಲ್ಡ್ ಫೇಲ್ ಆದ್ರ ಪೇಜ್ ಖಾಲಿ ಆಗೋದಿಲ್ಲ, ಹಳೇದೇ ಉಳೀತದ. ನೋಡೋರು ಅದನ್ನೇ ಹೊಸದು ಅಂದ್ಕೋತಾರ. ಈ ತೊಂದರೆ ನಮ್ಮ ಹುಟ್ಟಿಗಿಂತ ಹಳೇದು. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಾಗ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಅನ್ನೋ ಬಿಲ್ಡ್ ಸಾಧನ ಮಾಡಿದ್ದೇ ಇಂಥ ಕಾರಣಕ್ಕೆ. ಅವರ ಸಹೋದ್ಯೋಗಿಯೊಬ್ಬರು ತಪ್ಪನ್ನ ಆಗಲೇ ತಿದ್ದಿದ್ರು, ಆದರೆ ಓಡ್ತಿದ್ದದ್ದು ತಿದ್ದೋಕೆ ಮುಂಚಿನ ಹಳೆ ಫೈಲು. ಇಲ್ಲದ ತಪ್ಪು ಹುಡುಕ್ತಾ ಒಂದು ಮುಂಜಾನೆ ಪೂರಾ ಹೋಯ್ತು. ನಮ್ಮ ಪೇಜಿನ ಮ್ಯಾಲ ದೊಡ್ಡ ಅಕ್ಷರದಾಗ "ಇದು ಇಂಥ ದಿನಾಂಕದ ಲೆಕ್ಕ" ಅಂತ ಹಾಕೀವಿ. ನೀವೂ ಹಾಕ್ರಿ.

ಕೋಡ್ ಬರೆಯೋದು ಬಿಸಿಎ ದೋಸ್ತರಿಗೆ ನಮಗಿಂತ ಚಲೋ ಬರ್ತದ. ಆದರೆ ಎಲ್ಲಿ ನಿಲ್ಲಿಸಬೇಕು, ಯಾವ ಎರಡು ಅಂಕಿ ಒಂದಕ್ಕೊಂದು ಕೂಡಬೇಕು ಅಂತ ಹೇಳೋದಕ್ಕ ಲೆಕ್ಕ ಗೊತ್ತಿರೋರು ಬೇಕು. ಅದು ನಮ್ಮ ಕೆಲಸ.

ಮುಂದಿನ ಭಾಗ: ದಿನಾ ಮುಂಜಾನೆ 7ಕ್ಕೆ ತಾನೇ ಓಡೋ ಬಿಲ್ಡ್. ಸಣ್ಣ ಸುಳಿವು: ಗಿಟ್‌ಹಬ್ ಗಡಿಯಾರ ಯುಟಿಸಿ ಪ್ರಕಾರ ನಡೀತದ, ನಮ್ಮ 7 ಗಂಟೆ ಅಂದ್ರ ಅದಕ್ಕ 1:30.

ನಿಮ್ಮ ಮನಿ, ಅಂಗಡಿ, ಸಂಘದಾಗ ಯಾವ ಎರಡು ಲೆಕ್ಕ ತಾಳೆ ಆಗಬೇಕು? ಕಮೆಂಟ್ ಮಾಡ್ರಿ, ಒಂದನ್ನ ತೊಗೊಂಡು ಕೂಡಿ ಸ್ಕ್ರಿಪ್ಟ್ ಬರೆಯೋಣ.

#ಕಲಬುರಗಿ #ಕಮಲಾಪುರ #ಕೆಂಪುಬಾಳೆ #ಬಿಕಾಂಕೋಡ್ #ಕನ್ನಡದಲ್ಲಿಟೆಕ್