ನಾನು ಬರೆದ ಅರ್ಜಿ

ನಿವೃತ್ತನಾದವನಿಗೆ ಬೆಳಗಿನ ಪತ್ರಿಕೆ ಬೇಗ ಮುಗಿಯುವುದಿಲ್ಲ. ಶಾಲೆಯ ಗಂಟೆಗೆ ಹೆದರಿ ತಲೆಬರಹಗಳನ್ನಷ್ಟೇ ನೋಡುತ್ತಿದ್ದ ನಾನು, 2019ರಲ್ಲಿ ನಿವೃತ್ತಿ ಹೊಂದಿದ ಮೇಲೆ ಜಾಹೀರಾತುಗಳನ್ನೂ ಬಿಡದೆ ಓದತೊಡಗಿದೆ. ಮೂರು ವರ್ಷಗಳ ಬಳಿಕ ಒಂದು ದಿನ ಹಾಗೆ ಓದುತ್ತಿದ್ದಾಗ ನಮ್ಮ ಜಿಲ್ಲೆಯ ಧರ್ಮಾರ್ಥ ಕಣ್ಣಾಸ್ಪತ್ರೆಯೊಂದರ ಪ್ರಕಟಣೆ ಕಣ್ಣಿಗೆ ಬಿತ್ತು. ಲಾಭದ ಆಸೆಯಿಲ್ಲದೆ, ದಾನಿಗಳ ನೆರವಿನಿಂದ ನಡೆಯುವ ಆ ಸಂಸ್ಥೆಗೆ ಒಬ್ಬ ನಿರ್ದೇಶಕರು ಬೇಕಾಗಿದ್ದರು. ವೈದ್ಯರೇ ಆಗಿರಬೇಕೆಂಬ ನಿಯಮವಿಲ್ಲ. ಸಂಸ್ಥೆಯನ್ನು ಮುನ್ನಡೆಸಿದ ಅನುಭವವಿರಬೇಕು. ವಯಸ್ಸಿನ ಮಿತಿ ಇಲ್ಲ. ಈ ಕಡೆಯ ಮಾತನ್ನು ನನಗಾಗಿಯೇ ಬರೆದಂತಿತ್ತು. ಹನ್ನೊಂದು ವರ್ಷ ಮುಖ್ಯೋಪಾಧ್ಯಾಯನಾಗಿದ್ದವನಿಗೆ ಮುನ್ನಡೆಸುವುದೇನು ಹೊಸದೆ?

ಮನೆಯಾಕೆಗೆ ತೋರಿಸಿದೆ. ಆಕೆ ಎರಡು ಸಲ ಓದಿ, “ಅಲ್ಲಾ ರೀ, ಮನೆಯಲ್ಲಿ ಯಾರಿಗಾದರೂ ರಕ್ತ ಬಂದರೆ ಮೊದಲು ಹೊರಗೆ ಓಡುವವರು ನೀವು. ನೀವು ಆಸ್ಪತ್ರೆ ನಡೆಸುತ್ತೀರಾ?” ಎಂದಳು. ಉತ್ತರ ಹೊಳೆಯಲಿಲ್ಲ. ಆದರೂ ಅರ್ಜಿ ಬರೆಯಲು ಕುಳಿತೆ.

ಪತ್ರಲೇಖನದ ಪಾಠವನ್ನು ನೀವೂ ಓದಿದ್ದೀರಿ. ‘ಇಂದ’, ‘ಇವರಿಗೆ’, ‘ಮಾನ್ಯರೇ’, ‘ವಿಷಯ’, ಕೊನೆಗೆ ‘ತಮ್ಮ ವಿಶ್ವಾಸಿ’. ಮೂವತ್ತನಾಲ್ಕು ವರ್ಷ ಇದನ್ನು ಕಲಿಸಿ, ಸಾವಿರಾರು ಪತ್ರಗಳಿಗೆ ಕೆಂಪು ಗೆರೆ ಎಳೆದವನು ನಾನು. ಸ್ವಂತಕ್ಕೆ ಬರೆಯಬೇಕಾದಾಗ ‘ಮಾನ್ಯರೇ’ ಎಂಬಲ್ಲಿಂದ ಮುಂದಕ್ಕೆ ಲೇಖನಿ ಸಾಗಲೇ ಇಲ್ಲ. ಮೂರು ದಿನ ಹೆಣಗಿ ಎರಡು ಹಾಳೆ ತುಂಬಿಸಿದೆ. ಸೇವೆಯೇ ಜೀವನದ ಸಾರವೆಂದೂ, ದೀನರ ಕಣ್ಣೀರೊರೆಸುವುದೇ ನನ್ನ ಹಂಬಲವೆಂದೂ ಬರೆದಿದ್ದೆ. ಓದಿದಾಗ ನನಗೇ ಹೆಮ್ಮೆಯಾಯಿತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಲೆಕ್ಕಪರಿಶೋಧಕ. ಸಂಜೆ ಮನೆಗೆ ಬಂದವನ ಕೈಗೆ ಹಾಳೆಗಳನ್ನು ಕೊಟ್ಟೆ. ಅವನು ವಿನಯದಿಂದಲೇ ಓದಿ, “ಮೇಷ್ಟ್ರೇ, ಭಾಷೆ ಸೊಗಸಾಗಿದೆ. ಆದರೆ ಆಸ್ಪತ್ರೆಯ ಹೆಸರು ತೆಗೆದುಹಾಕಿದರೆ ಇದನ್ನೇ ಅನಾಥಾಲಯಕ್ಕೂ ಕಳುಹಿಸಬಹುದು, ಗೋಶಾಲೆಗೂ ಕಳುಹಿಸಬಹುದು. ತಾವು ಆ ಆಸ್ಪತ್ರೆಯನ್ನು ನೋಡಿದ್ದೀರಾ?” ಎಂದು ಕೇಳಿದ. ನಾನು ನೋಡಿರಲಿಲ್ಲ. ಅವನು ಹೋದ ಮೇಲೆ ಅರ್ಜಿಯನ್ನು ಮತ್ತೆ ತೆಗೆದು ಎಣಿಸಿದೆ. ‘ನಾನು’, ‘ನನ್ನ’, ‘ನನಗೆ’ ಎಂಬ ಮಾತುಗಳು ಮೂವತ್ತೊಂದು ಸಲ ಬಂದಿದ್ದವು. ‘ಕಣ್ಣು’ ಎಂಬುದು ಬಂದಿದ್ದುದು ಒಂದೇ ಸಲ, ಅದೂ ಕಣ್ಣೀರಿನ ಜೊತೆಯಲ್ಲಿ.

ಮರುದಿನವೇ ಆಸ್ಪತ್ರೆಗೆ ಹೋಗಿ, ಯಾರಿಗೂ ಹೇಳಿಕೊಳ್ಳದೆ ಹೊರರೋಗಿಗಳ ಬೆಂಚಿನ ಮೇಲೆ ಕುಳಿತೆ. ಒಂದು ಕಡೆ ಹಣ ಕೊಡುವವರ ಸಾಲು, ಇನ್ನೊಂದು ಕಡೆ ಕೊಡಲಾರದವರ ಸಾಲು. ಮೊದಲನೆಯ ಸಾಲಿನವರು ಕೊಟ್ಟ ಹಣದಲ್ಲಿ ಉಳಿದದ್ದು ಎರಡನೆಯ ಸಾಲಿನವರ ಚಿಕಿತ್ಸೆಗೆ ಸಲ್ಲುತ್ತಿತ್ತು. ಈ ಕ್ರಮವನ್ನು ದೊಡ್ಡದಾಗಿ ನಡೆಸಿ ತೋರಿಸಿದವರು ಮಧುರೆಯ ಡಾ. ಜಿ. ವೆಂಕಟಸ್ವಾಮಿಯವರು. ಸರ್ಕಾರಿ ಸೇವೆಯಿಂದ ನಿವೃತ್ತರಾಗಿ, 1976ರಲ್ಲಿ, ತಮ್ಮ 58ನೆಯ ವಯಸ್ಸಿನಲ್ಲಿ, 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆಯನ್ನು ಅವರು ತೆರೆದರು. ಸಂಧಿವಾತದಿಂದ ಸೊಟ್ಟಗಾಗಿದ್ದ ಬೆರಳುಗಳಿಂದಲೇ ಅವರು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಪೊರೆ ತೆಗೆದ ಕಣ್ಣಿನೊಳಗೆ ಕೂರಿಸುವ ಮಸೂರವನ್ನು ಆಗ ಹೊರದೇಶದಿಂದ ತರಿಸಬೇಕಾಗಿದ್ದು, ಬಡವರಿಗೆ ಅದು ಎಟುಕುತ್ತಿರಲಿಲ್ಲ. 1992ರಲ್ಲಿ ಆ ಸಂಸ್ಥೆ ಮಸೂರವನ್ನು ಮಧುರೆಯಲ್ಲಿಯೇ ತಯಾರಿಸತೊಡಗಿತು, ಬೆಲೆ ಇಳಿಯಿತು. ನಿವೃತ್ತಿಯ ನಂತರದ ಕೆಲಸವೆಂದರೆ ಇದು! ನನ್ನ ಎರಡು ಹಾಳೆಗಳನ್ನು ನೆನೆದು ನಾಚಿಕೆಯಾಯಿತು.

ನನ್ನ ಪಕ್ಕದಲ್ಲಿ ಕೋಲು ಹಿಡಿದ ಒಬ್ಬ ಮುದುಕರೂ ಅವರ ಮೊಮ್ಮಗನೂ ಕುಳಿತಿದ್ದರು. ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದಿತ್ತು. ಶಸ್ತ್ರಚಿಕಿತ್ಸೆ, ಮಸೂರ, ಊಟ ಎಲ್ಲವೂ ಉಚಿತ. ಇಂದೇ ದಾಖಲಾಗಿ, ನಾಳಿದ್ದು ಹೋಗಬಹುದು ಎಂದು ದಾದಿ ತಿಳಿಸಿದಳು. ಹುಡುಗ ತಲೆ ತಗ್ಗಿಸಿ, “ಎರಡು ದಿನ ಕೂಲಿ ತಪ್ಪುತ್ತದಕ್ಕಾ. ಬಸ್ಸಿಗೇ ಸಾಲ ಮಾಡಿ ಬಂದಿದ್ದೇವೆ. ಇನ್ನೊಂದು ಸಲ ಬರ್ತೀವಿ” ಎಂದ. ಅಜ್ಜನ ಕೈಹಿಡಿದು ಮೆಟ್ಟಿಲಿಳಿಸಿಕೊಂಡು ಹೊರಟೇಹೋದ.

ಇನ್ನೊಂದು ಸಲ! ಆ ಮಾತನ್ನು ನಾನೂ ಒಮ್ಮೆ ಆಡಿದ್ದೆ. 1986ರಲ್ಲಿ ನಮ್ಮ ತಾಲ್ಲೂಕಿನಲ್ಲಿ ಒಂದು ನೇತ್ರಶಿಬಿರ ನಡೆಯಿತು. ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ನಡೆಸಿದ ಶಿಬಿರಗಳಿಂದಾಗಿ ಹಳ್ಳಿಯವರಿಗೂ ಕಣ್ಣಿನ ಪೊರೆ ತೆಗೆಯುತ್ತಾರೆಂಬ ವಿಷಯ ತಿಳಿದಿದ್ದ ಕಾಲ ಅದು. ನಮ್ಮ ಅವ್ವನಿಗೆ ಎರಡೂ ಕಣ್ಣು ಮಂಜಾಗಿದ್ದವು. ಕರೆದುಕೊಂಡು ಹೋಗು ಎಂದು ಅವಳಾಗಿಯೇ ಕೇಳಿದಳು. ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ ಅವಳು. ನಾನು ಕೆಲಸಕ್ಕೆ ಸೇರಿ ಒಂದೇ ವರ್ಷವಾಗಿತ್ತು. ಪರೀಕ್ಷೆಯ ಸಮಯದಲ್ಲಿ ರಜೆ ಕೇಳಲು ಅಂಜಿದೆ. “ಮುಂದಿನ ವರ್ಷ ನೋಡೋಣವ್ವಾ” ಎಂದೆ. ಮುಂದಿನ ವರ್ಷ ಶಿಬಿರ ಬಂತು, ಅವ್ವ ಇರಲಿಲ್ಲ. ಕೊನೆಯ ತಿಂಗಳುಗಳಲ್ಲಿ ಅವಳು ನನ್ನ ಮಗಳ ಮುಖವನ್ನು ಬೆರಳುಗಳಿಂದ ಸವರಿ ಸವರಿ ನೋಡುತ್ತಿದ್ದಳು. ರಜೆ ಕೇಳಿದ್ದರೆ ಸಿಗುತ್ತಿತ್ತೋ ಏನೋ, ನಾನು ಕೇಳಲೇ ಇಲ್ಲ.

ಹಳೆಯ ಅರ್ಜಿಯನ್ನು ಹರಿದು ಒಂದೇ ಪುಟದ ಹೊಸ ಅರ್ಜಿ ಬರೆದೆ. ರೋಗಿಯ ಜೊತೆಗೆ ಬರುವವರಿಗೆ ಬಸ್ಸಿನ ಖರ್ಚನ್ನೂ ಎರಡು ದಿನದ ಕೂಲಿಯನ್ನೂ ಕೊಡಬೇಕೆಂಬುದು ಅದರ ಮುಖ್ಯ ಮಾತು. ಎಷ್ಟು ಹಣ ಬೇಕಾದೀತೆಂದು ಶಿಷ್ಯನೇ ಲೆಕ್ಕ ಹಾಕಿಕೊಟ್ಟ.

ಸಂದರ್ಶನಕ್ಕೆ ಕರೆ ಬಂತು. ಮೇಜಿನ ಆಚೆ ಐವರಿದ್ದರು. ಆಸ್ಪತ್ರೆಯ ತ್ಯಾಜ್ಯದಲ್ಲಿ ಹಳದಿ ಚೀಲಕ್ಕೆ ಯಾವುದು, ಕೆಂಪು ಚೀಲಕ್ಕೆ ಯಾವುದು ಎಂದು ಒಬ್ಬರು ಕೇಳಿದರು. ತಿಳಿಯದು ಎಂದೆ. (ರಕ್ತ ತಾಗಿದ ಹತ್ತಿ, ಬಟ್ಟೆಗಳು ಹಳದಿಗೆ, ಬಳಸಿದ ಪ್ಲಾಸ್ಟಿಕ್ಕು ಕೆಂಪಿಗೆ. ಈಗ ಗೊತ್ತು.) ದಾನಿಗಳಿಗೆ ಆದಾಯ ತೆರಿಗೆಯಲ್ಲಿ ದೊರೆಯುವ ರಿಯಾಯಿತಿಯ ಬಗ್ಗೆ ಇನ್ನೊಬ್ಬರು ಕೇಳಿದರು. ಅರ್ಧ ಉತ್ತರ ಕೊಟ್ಟೆ. ಅಧ್ಯಕ್ಷಸ್ಥಾನದಲ್ಲಿದ್ದ ಹಿರಿಯ ವೈದ್ಯೆ ನನ್ನ ಅರ್ಜಿಯ ಮೇಲೆ ಕೈಯಿಟ್ಟು, “ಬಸ್ಸಿನ ಖರ್ಚು ಕೊಡಬೇಕೆಂದಿದ್ದೀರಿ. ಒಪ್ಪಿದೆ. ಹಣ ಸಾಲದೆ ಹೋದಾಗ ಏನನ್ನು ನಿಲ್ಲಿಸುತ್ತೀರಿ?” ಎಂದರು. ಶಾಲೆಯಲ್ಲಿ ಹಣ ಸಾಲದಾದಾಗ ಇಲಾಖೆಗೆ ಪತ್ರ ಬರೆದು ಕಾಯುತ್ತಿದ್ದೆ. ಇಲ್ಲಿ ಯಾರಿಗೆ ಬರೆಯುವುದು? ನಾನು ಸುಮ್ಮನಿದ್ದೆ. ಈ ಕೆಲಸ ಏಕೆ ಬೇಕೆಂದು ಅವರು ಕೇಳಿದಾಗ ಅವ್ವನ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು, “ಅದಕ್ಕೆ ನಿರ್ದೇಶಕರೇ ಆಗಬೇಕೆಂದಿಲ್ಲವಲ್ಲ, ಮೇಷ್ಟ್ರೇ” ಎಂದರು. ಅವರ ದನಿಯಲ್ಲಿ ಕಟುವೇನೂ ಇರಲಿಲ್ಲ.

ಕೆಲಸ ಅದೇ ಆಸ್ಪತ್ರೆಯ ಹಿರಿಯ ದಾದಿಯೊಬ್ಬರಿಗೆ ದೊರೆಯಿತು. ಇಪ್ಪತ್ತೆರಡು ವರ್ಷ ಔಷಧಿಯ ಉಗ್ರಾಣದ ಲೆಕ್ಕವನ್ನು ಒಂದು ಪೈಸೆ ತಪ್ಪದಂತೆ ಇಟ್ಟವರಂತೆ. ಬೇಸರವಾಗಲಿಲ್ಲವೆಂದರೆ ಸುಳ್ಳಾದೀತು, ಎರಡು ದಿನ ಪತ್ರಿಕೆ ಮುಟ್ಟಲಿಲ್ಲ.

ತಿಂಗಳ ಬಳಿಕ ಹೊಸ ನಿರ್ದೇಶಕಿಯ ಪತ್ರ ಬಂತು. ಜೊತೆಗೆ ಬರುವವರಿಗೆ ಬಸ್ಸಿನ ಖರ್ಚನ್ನು ಆರು ತಿಂಗಳು ಕೊಟ್ಟು ನೋಡುವುದೆಂದು ತೀರ್ಮಾನವಾಗಿದೆ. ಕೂಲಿಗೆ ಹಣ ಸಾಲದು. ಬಸ್ಸಿಲ್ಲದ ಹಳ್ಳಿಗಳಿಗೆ ಮೊದಲು. ಶಾಲೆಗೆ ಮಕ್ಕಳು ಎಲ್ಲಿಂದ ನಡೆದು ಬರುತ್ತಿದ್ದರೆಂಬುದು ತಮಗೆ ಗೊತ್ತಿರುತ್ತದೆ, ಪಟ್ಟಿ ಮಾಡಿಕೊಡಬೇಕು ಎಂದು ಬರೆದಿದ್ದರು. ಒಂದು ವಾರ ಕುಳಿತು ನಲವತ್ತೊಂದು ಹಳ್ಳಿಗಳ ಹೆಸರನ್ನೂ, ಬಸ್ಸು ನಿಲ್ಲುವ ಜಾಗಕ್ಕೆ ಅಲ್ಲಿಂದ ಎಷ್ಟು ದೂರವೆಂಬುದನ್ನೂ ಬರೆದೆ.

ಮನೆಯಾಕೆ ಪಟ್ಟಿಯ ಮೇಲೆ ಬೆರಳೋಡಿಸಿ, “ಅತ್ತೆಯವರಿದ್ದ ಊರನ್ನೇ ಬಿಟ್ಟಿದ್ದೀರಲ್ಲ” ಎಂದಳು.

“ಅಲ್ಲಿಗೆ ಈಗ ದಿನಕ್ಕೆ ಎರಡು ಬಸ್ಸು ಬರುತ್ತವೆ” ಎಂದೆ.

ಆಕೆ ಮರುಮಾತಾಡದೆ ಹಾಳೆಯನ್ನು ಹಿಂದಕ್ಕೆ ಕೊಟ್ಟಳು. ಅದನ್ನು ಲಕೋಟೆಗೆ ಹಾಕಿ ಅಂಚೆ ಕಚೇರಿಗೆ ಹೊರಟೆ.