ಹಟ್ಟಿಯಲ್ಲಿ ಹದಿನಾಲ್ಕು ದಿನ

ನವೆಂಬರ್‌ನ ಒಂದು ಬುಧವಾರ, ಆಫೀಸಿನ ಮೀಟಿಂಗ್ ನಡೆಯುತ್ತಿರುವಾಗಲೇ ಅಕ್ಕನ ಫೋನ್ ಬಂತು. ಅಮ್ಮ ಹಟ್ಟಿಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿದೆ, ಆರು ವಾರ ಪ್ಲಾಸ್ಟರ್. ಬ್ರಹ್ಮಾವರದ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಾಳಂತೆ. "ಅಮ್ಮ ಅಡ್ಡಿಲ್ಲೆ. ಕೆಂಪಿದೇ ತಲೆಬಿಸಿ" ಅಂದಳು.

ಕೆಂಪಿ ಅಂದರೆ ಕುಂದಾಪುರದ ಹತ್ತಿರ ನಮ್ಮ ಮನೆಯಲ್ಲಿ ಉಳಿದಿರುವ ಒಂದೇ ದನ. ಊರ ದನ, ಪುಸ್ತಕದ ಹೆಸರು ಮಲೆನಾಡು ಗಿಡ್ಡ. ನನ್ನ ಸೊಂಟದೆತ್ತರ ಇದೆ ಅಷ್ಟೇ. ಜರ್ಸಿ ದನದ ಪಕ್ಕ ನಿಲ್ಲಿಸಿದರೆ ಅದರ ಕರು ಅಂದುಕೊಳ್ಳಬೇಕು. ಹೊತ್ತಿಗೆ ಒಂದು ಲೀಟರ್ ಹಾಲು ಕೊಟ್ಟರೆ ಅದೇ ಹೆಚ್ಚು. ಗುಡ್ಡ ಸುತ್ತಿ ಮೇಯುವ ಜಾತಿ ಆದ್ದರಿಂದ ಕಿವಿ, ಕಣ್ಣು, ಕಾಲು ಮೂರೂ ಚುರುಕು. ಅಮ್ಮನನ್ನು ಬಿಟ್ಟು ಯಾರಿಗೂ ಹಾಲು ಕೊಟ್ಟಿದ್ದಿಲ್ಲ. ಅಪ್ಪಯ್ಯ ಎರಡು ಸಲ ಪ್ರಯತ್ನಿಸಿ ಎರಡು ಸಲವೂ ಚೊಂಬು ಒದೆಸಿಕೊಂಡು, "ಕೊಟ್ ಬಿಡುವ ಯಾರಿಗಾರೂ" ಎಂದು ತೀರ್ಮಾನಿಸಿಯಾಗಿತ್ತು. ಮೂರು ತಿಂಗಳ ಕರು ಬೇರೆ ಇದೆ. ಆ ಮಾತು ಕೇಳಿದ ಮೇಲೆ ಅಮ್ಮ ಊಟ ಮಾಡುತ್ತಿಲ್ಲ ಅಂದಳು ಅಕ್ಕ.

ಮ್ಯಾನೇಜರ್ ಹತ್ತಿರ ಎರಡು ವಾರ ವರ್ಕ್ ಫ್ರಮ್ ಹೋಮ್ ಕೇಳಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದೆ. ಕಾರಣ ಏನೆಂದು ಬರೆದೆನೋ ಕೇಳಬೇಡಿ. ದನ ಕರೆಯಬೇಕು ಎಂದಂತೂ ಬರೆಯಲಿಲ್ಲ.

ಮೊದಲ ದಿನ ನನ್ನ ಗತಿಯೂ ಅಪ್ಪಯ್ಯನದೇ. ಕರುವನ್ನು ಬಿಟ್ಟು, ಅದು ನಾಲ್ಕು ಸಲ ಗುದ್ದಿ ಕುಡಿದ ಮೇಲೆ ಎಳೆದು ಕಟ್ಟಿ, ಕೆಚ್ಚಲಿಗೆ ಕೈ ಹಾಕಿದರೆ ಒಂದು ಹನಿ ಇಲ್ಲ. ಹಾಲು ಇಲ್ಲದೇ ಅಲ್ಲ, ಅವಳು ಬಿಡುತ್ತಿಲ್ಲ. ಇದು ಹಟವೂ ಅಲ್ಲ. ಕರು ಗುದ್ದಿದಾಗ, ಪರಿಚಯದ ಕೈ ತಾಗಿದಾಗ ದನದ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಬಿಡುಗಡೆಯಾಗಿ ಹಾಲು ಇಳಿಯುತ್ತದೆ. ಅದರ ಪ್ರಭಾವ ಕೆಲವೇ ನಿಮಿಷ. ಹೆದರಿದರೆ ಅಡ್ರಿನಲಿನ್ ಬಂದು ಅದನ್ನು ತಡೆದುಬಿಡುತ್ತದೆ. ಅಂದರೆ ಹೆದರಿದ ದನಕ್ಕೆ ಹಾಲು ಕೊಡಬೇಕು ಅನಿಸಿದರೂ ಕೊಡಲು ಆಗುವುದಿಲ್ಲ.

ಹಟ್ಟಿಯ ಕಲ್ಲಿನ ಮೇಲೆ ಖಾಲಿ ಚೊಂಬು ಹಿಡಿದು ಕೂತಾಗ ನನಗೆ ನೆನಪಾದದ್ದು ಅಲ್ಪಾಕಾ. ನಗಬೇಡಿ. ಮೂರು ವರ್ಷದ ಹಿಂದೆ ಪ್ರಾಜೆಕ್ಟ್ ಕೆಲಸಕ್ಕೆ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿದ್ದೆ. ವಾರದ ಕೊನೆಯಲ್ಲಿ ಸಹೋದ್ಯೋಗಿಗಳ ಜೊತೆ ಒಂದು ಅಲ್ಪಾಕಾ ಫಾರ್ಮ್‌ಗೆ ಹೋಗಿದ್ದೆವು. ಒಂಟೆಯ ವಂಶದ ಪ್ರಾಣಿ ಇದು, ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳು. ಲಾಮಾ ಇದರ ದೊಡ್ಡಣ್ಣ, ಹೊರೆ ಹೊರುತ್ತದೆ, ಅಲ್ಪಾಕಾ ಉಣ್ಣೆಗೆ. ಎಲ್ಲರೂ ಸೆಲ್ಫಿಗೆ ಕುತ್ತಿಗೆ ತಬ್ಬಲು ಹೋದರು, ಅವು ಉಗಿದು ಓಡಿದವು. ಫಾರ್ಮ್‌ನ ಹೆಂಗಸು ನಮ್ಮನ್ನು ಬೈಯಲಿಲ್ಲ, ಒಂದು ಪಾಠ ಮಾಡಿದರು.

ಮಾರ್ಟಿ ಮೆಕ್‌ಗೀ ಬೆನೆಟ್ ಎಂಬ ಅಮೆರಿಕದ ತರಬೇತುದಾರ್ತಿ ಅಲ್ಪಾಕಾ ಮತ್ತು ಲಾಮಾಗಳಿಗಾಗಿ ರೂಪಿಸಿದ ಪದ್ಧತಿಯಂತೆ ಅದು, ಹೆಸರು ಕ್ಯಾಮೆಲಿಡೈನಾಮಿಕ್ಸ್. ಮೂಲೆಗೆ ಒತ್ತಿ ಹಿಡಿಯಬಾರದು. ಕುತ್ತಿಗೆ ತಬ್ಬುವ ಬದಲು ದವಡೆಯ ಹತ್ತಿರ ಬಳೆಯ ಹಾಗೆ ಸಡಿಲವಾಗಿ ಕೈ ಸುತ್ತಬೇಕು, ಒಳಗೆ ಅದು ಆಚೀಚೆ ಅಲ್ಲಾಡಿ ತನ್ನ ತೂಕ ತಾನೇ ಸರಿಮಾಡಿಕೊಳ್ಳಬೇಕು. ಎದುರಿನಿಂದ ಅಲ್ಲ, ಕಣ್ಣಿಗಿಂತ ಸ್ವಲ್ಪ ಹಿಂದೆ ನಿಲ್ಲಬೇಕು. ನನಗೆ ಮರೆಯದೇ ಉಳಿದದ್ದು ಮೂಗಿನ ಪಟ್ಟಿಯ ವಿಷಯ. ಅಲ್ಪಾಕಾದ ಮೂಗಿನ ಮೂಳೆ ತುಂಬ ಗಿಡ್ಡ, ಮುಂದೆ ಬರೀ ಮೃದ್ವಸ್ಥಿ. ಅದು ಉಸಿರಾಡುವುದು ಹೆಚ್ಚು ಕಡಿಮೆ ಮೂಗಿನಲ್ಲೇ. ಪಟ್ಟಿ ಕಣ್ಣಿನ ಹತ್ತಿರ ಕೂರದೆ ಅರ್ಧ ಇಂಚು ಮುಂದೆ ಜಾರಿದರೂ ಉಸಿರು ಕಟ್ಟುತ್ತದೆ. ಆಗ ಅದು ಕುಣಿಯುತ್ತದೆ, ಜನ "ಇದಕ್ಕೆ ಸೊಕ್ಕು" ಅನ್ನುತ್ತಾರೆ.

ಕೆಂಪಿಯನ್ನು ನೋಡಿದೆ. ಗೋಡೆಗೆ ಒತ್ತಿ, ಗಿಡ್ಡ ಕಣ್ಣಿಯಲ್ಲಿ ಕಟ್ಟಿದ್ದೆವು. ಒದೆಯಬಾರದು ಅಂತ ಅಪ್ಪಯ್ಯ ಹಿಂದೆ ಕೋಲು ಹಿಡಿದು ನಿಂತಿದ್ದರು. ದನಕ್ಕೆ ಎರಡೂ ಪಕ್ಕ ಸೇರಿ ಸುಮಾರು 300 ಡಿಗ್ರಿಯಷ್ಟು ಕಾಣುತ್ತದೆ, ಸರಿಯಾಗಿ ಬೆನ್ನ ಹಿಂದೆ ಕಾಣುವುದಿಲ್ಲ. ಅಪ್ಪಯ್ಯ ನಿಂತದ್ದು ಅಲ್ಲೇ! ನಾಲ್ಕು ವರ್ಷದ ಹಿಂದೆ ಪಕ್ಕದವರ ಗದ್ದೆಗೆ ನುಗ್ಗಿದಳೆಂದು ಇದೇ ಕೋಲಿನಲ್ಲಿ ಬಾರಿಸಿದ್ದರು. ಅಪ್ಪಯ್ಯನಿಗೆ ಮರೆತಿದೆ.

ನೆರೆಮನೆಯ ದೊಡ್ಡಮ್ಮ ಒಂದು ಹಳೇ ಉಪಾಯ ಹೇಳಿದರು: "ಅಮ್ಮನ ಹಟ್ಟಿ ಸೀರೆ ಸುತ್ಕಂಡ್ ಹೋಗ್." ಹೋದೆ. ಜೊತೆಗೆ ನನ್ನದೊಂದು ಹೊಸ ಉಪಾಯ. ಬ್ರಹ್ಮಾವರಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಫೋನನ್ನು ಕಿಟಕಿಯಲ್ಲಿ ಇಟ್ಟೆ. "ಕೆಂಪೀ, ಬಾ ಮಗಾ, ನಿತ್ಕೋ" ಅಂತ ಅಮ್ಮನ ದನಿ ಬಂದದ್ದೇ ಕೆಂಪಿಯ ಎರಡು ಕಿವಿಗಳೂ ಕಿಟಕಿಗೆ ತಿರುಗಿದವು. ಅವತ್ತು ಅರ್ಧ ಲೀಟರ್! ಮರುದಿನ ಆ ದನಿಯನ್ನು ರೆಕಾರ್ಡ್ ಮಾಡಿ ಹಾಕಿದೆ. ಎರಡು ಹೊತ್ತು ನಡೆಯಿತು. ಮೂರನೆಯ ಹೊತ್ತು ಕೆಂಪಿ ಕಿಟಕಿ ಮೂಸಿ, ಬಾಗಿಲ ಕಡೆ ನೋಡಿ ಕೂಗಿದಳು. ಕೂಗು ನಿಲ್ಲಲಿಲ್ಲ. ನಾನು ಫೋನ್ ಜೇಬಿಗೆ ಹಾಕಿಕೊಂಡೆ. ಮೋಸ ಮಾಡಿದ ಹಾಗೆ ಅನಿಸಿತು.

ಆಮೇಲೆ ಮಾಡಿದ್ದೆಲ್ಲ ನಿಧಾನದ ಕೆಲಸ. ಕಣ್ಣಿ ಉದ್ದ ಮಾಡಿದೆ, ಗೋಡೆಯಿಂದ ಈಚೆ ಕಟ್ಟಿದೆ. ಒಳಗೆ ಬರುವ ಮೊದಲೇ ಹೆಸರು ಕರೆದೆ. ಲ್ಯಾಪ್‌ಟಾಪ್ ತಂದು ಹಟ್ಟಿಯ ಬಾಗಿಲಲ್ಲೇ ಕೂತು ಕೆಲಸ ಮಾಡಿದೆ, ಏನೂ ಕೇಳದೆ. ಕೋಡಿಂಗ್ ಮಾಡುವವನನ್ನು ದನ ಇಷ್ಟು ಹೊತ್ತು ನೋಡಬಲ್ಲದು ಅಂತ ಗೊತ್ತಿರಲಿಲ್ಲ. ಭುಜದಿಂದ ಶುರುಮಾಡಿ ಕೈಯನ್ನು ಮೈಮೇಲೆ ಜಾರಿಸುತ್ತಾ ಕೆಚ್ಚಲಿನವರೆಗೆ ಹೋಗುವುದು, ಅವಳು ಕಾಲು ಎತ್ತಿದ ಕೂಡಲೇ ನಾನೇ ಕೈ ತೆಗೆಯುವುದು. ಆರನೇ ದಿನ ಸೀರೆಯಿಲ್ಲದೆ, ಫೋನಿಲ್ಲದೆ ಮುಕ್ಕಾಲು ಲೀಟರ್ ಸಿಕ್ಕಿತು.

ನನಗೆ ಉಳಿದದ್ದು ಎಂಟು ದಿನ, ಅಮ್ಮನ ಪ್ಲಾಸ್ಟರ್‌ಗೆ ಇನ್ನೂ ಐದು ವಾರ. ಕಲಿಸಬೇಕಾದದ್ದು ಅಪ್ಪಯ್ಯನಿಗೆ. ನನಗೆ ಸೈಕಲ್ಲು, ಈಜು, ಲೆಕ್ಕ ಎಲ್ಲ ಕಲಿಸಿದ ಮನುಷ್ಯ, ಅದೂ ಗದರಿಸಿಯೇ. "ಪ್ರಾಣಿಗೆ ಹೆದ್ರಿಕೆ ಇರ್ಕ್" ಅನ್ನುವುದು ಅವರ ಸಿದ್ಧಾಂತ. ಅದನ್ನು ಸಾಬೀತು ಮಾಡಲೆಂದೇ ಭಾನುವಾರ ನನ್ನ ಬೈಕ್ ಹತ್ತಿ, ಬೈಂದೂರು ಕಡೆ ಕಂಬಳದ ಕೋಣ ಸಾಕಿರುವ ತಮ್ಮ ಹಳೇ ಸ್ನೇಹಿತರ ಮನೆಗೆ ಕರೆದುಕೊಂಡು ಹೋದರು.

ಹೆಮ್ಮಾಡಿ, ತ್ರಾಸಿ ದಾಟಿ ಮರವಂತೆಗೆ ಬಂದರೆ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಎಷ್ಟು ಸಲ ಹೋದರೂ ನನಗೆ ಇಲ್ಲಿ ಆಕ್ಸಿಲರೇಟರ್ ತಾನಾಗಿ ಸಡಿಲುತ್ತದೆ. ನಾವುಂದ, ಉಪ್ಪುಂದದಲ್ಲಿ ಗದ್ದೆ ಕೊಯ್ಲು ಮುಗಿದಿತ್ತು. ನಮ್ಮ ಈ ಕಡೆಯ ಕಂಬಳ, ವಂಡಾರು ಇರಲಿ ತಗ್ಗರ್ಸೆ ಇರಲಿ, ದಕ್ಷಿಣದ ಜೋಡುಕರೆಯ ಪಂದ್ಯದಂತಲ್ಲ. ದೇವರ, ಮನೆತನದ ಗದ್ದೆಯ ಹರಕೆ ಮೊದಲು, ಓಟ ಆಮೇಲೆ.

ಆ ಮನೆಯ ಕೋಣಗಳು ನನ್ನ ಎದೆಯೆತ್ತರ, ಎಣ್ಣೆ ತಿಕ್ಕಿ ಮಿರಮಿರ ಮಿಂಚುತ್ತಿದ್ದವು. ಹುರುಳಿ ಬೇಯಿಸಿ ತಿನ್ನಿಸುತ್ತಾರೆ. ಯಜಮಾನರು ಹಟ್ಟಿಯಿಂದ ಹತ್ತು ಹೆಜ್ಜೆ ದೂರದಲ್ಲೇ ಕೋಣದ ಹೆಸರು ಕರೆದರು, ಬೆನ್ನ ಮೇಲೆ ಕೈಯಿಟ್ಟು ಆಮೇಲೆ ಹಿಂದಕ್ಕೆ ಹೋದರು. ಕೋಲು ಎಲ್ಲೂ ಕಾಣಲಿಲ್ಲ. ಹಗ್ಗ ಹಿಡಿದವರು ಅದನ್ನು ಬಿಗಿಯಾಗಿ ಎಳೆಯದೆ ತೂಗುಬಿಟ್ಟಿದ್ದರು. ಯಾಕೆ ಅಂದೆ.

"ಅದ್ಕೆ ಹೋಪುಕೆ ದಾರಿ ಬಿಡ್ಕ್. ಆಗ ಅದ್ ಹೋಪುದಿಲ್ಲ."

ಅಪ್ಪಯ್ಯ ಕೆಮ್ಮಿದರು.

ಬೆತ್ತದ ವಿಷಯ ಕೇಳದೆ ಬರಲು ಮನಸ್ಸಾಗಲಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಕಂಬಳಕ್ಕೂ ತಡೆ ಬಿತ್ತು, 2017ರಲ್ಲಿ ರಾಜ್ಯ ಕಾನೂನು ತಿದ್ದಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಡಿಬಾರ್ದ್ ಅಂತ ಈಗ ಎಲ್ಲರಿಗೂ ಗೊತ್ತಿತ್ತ್. ಓಡುವತ್ತಿಗೆ ಎಷ್ಟ್ ಜನಕ್ಕೆ ನೆನಪಿರತ್ತೋ" ಅಂದರು. ಕೋಣದ ಬೆನ್ನ ಮೇಲೆ ಬಾಸುಂಡೆ ನಾನೂ ನೋಡಿದ್ದೇನೆ. ಕಂಬಳ ನನಗೆ ಇಷ್ಟ, ಆ ಬಾಸುಂಡೆ ಇಷ್ಟವಿಲ್ಲ. ಎರಡೂ ನನ್ನೊಳಗೆ ಹಾಗೇ ಇವೆ.

ವಾಪಸ್ ಬರುವಾಗ ಅಪ್ಪಯ್ಯ ಕುಂದಾಪುರದವರೆಗೆ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಕೋಲು ಹಟ್ಟಿಯಿಂದ ಹೊರಗೆ, ಹುಲ್ಲಿನ ಕುತ್ರಿಗೆ ಒರಗಿಕೊಂಡಿತ್ತು. ನಾನೂ ಏನೂ ಹೇಳಲಿಲ್ಲ.

ಪಾಠ ಸುಲಭದ್ದಾಗಿರಲಿಲ್ಲ. ಅಪ್ಪಯ್ಯನ ದನಿಯೇ ದೊಡ್ಡದು, ಪ್ರೀತಿಯಿಂದ ಕರೆದರೂ ಬೈದ ಹಾಗೆ. ಮೊದಲ ಎರಡು ದಿನ ಹಟ್ಟಿಯ ಬಾಗಿಲಲ್ಲಿ ಸುಮ್ಮನೆ ಪೇಪರ್ ಓದಲು ಕೂರಿಸಿದೆ. ಅಮ್ಮ ವಿಡಿಯೊ ಕಾಲ್‌ನಲ್ಲಿ ಪರೀಕ್ಷಕಿ: "ಹ್ವಾಯ್, ಮೆಲ್ಲಗೆ ಮಾತಾಡಿ. ಅದ್ಕೆ ಕಿವಿ ಇತ್ತ್." ಮೂರನೇ ದಿನ ಕೈಯಲ್ಲಿ ಬಾಳೆಹಣ್ಣಿನ ಸಿಪ್ಪೆ ಹಿಡಿದು ನಿಂತರು. ಕೆಂಪಿ ಕುತ್ತಿಗೆ ಎಷ್ಟು ಉದ್ದ ಚಾಚಬಹುದೋ ಅಷ್ಟು ಚಾಚಿ ಸಿಪ್ಪೆ ಮಾತ್ರ ಕಿತ್ತುಕೊಂಡಳು, ಕಾಲು ಒಂದಿಂಚು ಮುಂದೆ ಇಡಲಿಲ್ಲ. ಐದನೇ ದಿನ ಭುಜ ಮುಟ್ಟಲು ಬಿಟ್ಟಳು. ಆ ಹೊತ್ತು ಅಪ್ಪಯ್ಯನ ಕೈ ನಡುಗುತ್ತಿತ್ತು. ಇಷ್ಟು ವರ್ಷದಲ್ಲಿ ನನಗೆ ಹೊಳೆಯದ ಸಂಗತಿ ಅದು: ಹೆದರಿಕೆ ಅವರಿಗೂ ಇತ್ತು. ಕೋಲು ಅದಕ್ಕೇ.

ಏಳನೇ ದಿನವೂ ಹಾಲು ನಾನೇ ಕರೆದೆ. ಅಪ್ಪಯ್ಯ ಪಕ್ಕದಲ್ಲಿ ಕೂತು ಕೆಂಪಿಯ ಗಂಗೆದೊಗಲು ತುರಿಸುತ್ತಿದ್ದರು.

ಹದಿನಾಲ್ಕನೇ ದಿನ ಸಂಜೆ ಸ್ಟೇಷನ್‌ಗೆ ಹೊರಟಾಗ ಅಪ್ಪಯ್ಯ ಬಿಡಲು ಬರಲಿಲ್ಲ. "ಕರೆಯೂ ಹೊತ್ತಾಯ್ತ್" ಅಂದರು. ಕುಂದಾಪುರದ ಪ್ಲಾಟ್‌ಫಾರಂನಲ್ಲಿ ಪಂಚಗಂಗಾಕ್ಕೆ ಕಾಯುತ್ತಾ ಕೂತಿದ್ದಾಗ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬಂತು: ಸ್ಟೀಲ್ ಚೊಂಬಿನ ತಳದಲ್ಲಿ ಒಂದು ಲೋಟದಷ್ಟು ಹಾಲು, ಅಂಚಿನಲ್ಲಿ ಅಪ್ಪಯ್ಯನ ಹೆಬ್ಬೆರಳು.

ಬ್ರಹ್ಮಾವರದಿಂದ ತಕ್ಷಣ ಅಮ್ಮನ ವಾಯ್ಸ್ ಮೆಸೇಜ್: "ಕರುವಿಗೆ ಬಿಟ್ರ್ಯಾ ಇಲ್ಯಾ?"