ಉಂಡೆ ಕಟ್ಟುವುದು

ಅಮ್ಮ ತೀರಿಕೊಂಡ ಮೇಲಿನ ಮೊದಲ ದೀಪಾವಳಿ. ಭೋರ್‌ನ ಅತ್ತೆಮನೆಯಲ್ಲಿ ರವೆ ಉಂಡೆ ಮಾಡಲು ಮನಸ್ಸಾಗದೆ ಚಾಕೊಲೇಟ್ ಟ್ರಫಲ್ ಮಾಡಲು ಹೊರಟೆ. 200 ಗ್ರಾಂ ಡಾರ್ಕ್ ಚಾಕೊಲೇಟ್ ಚೂರುಗಳ ಮೇಲೆ 100 ಮಿಲಿ ಬಿಸಿ ಕ್ರೀಮ್ ಸುರಿದು ಕಲಕಿದೆ. ಒಡೆದು ಎಣ್ಣೆ ಬಿಟ್ಟಿತು. ಅತ್ತೆ ಏನೂ ಕೇಳದೆ ಒಂದು ಚಮಚ ಬೆಚ್ಚನೆ ಹಾಲು ಹಾಕಿ ತಿರುವಿದರು. ಕೂಡಿಕೊಂಡಿತು.

ಎರಡು ಗಂಟೆ ಫ್ರಿಜ್‌ನಲ್ಲಿಟ್ಟು ಇಬ್ಬರೂ ಕೂತೆವು. ಮರಾಠಿಯಲ್ಲಿ ಲಾಡುವಿಗೆ ‘ವಳಣೆ’ ಎನ್ನುತ್ತಾರೆ, ಅಂಗೈಯಲ್ಲಿ ಹೊರಳಿಸುವುದು. ನಾವು ಕಟ್ಟುತ್ತೇವೆ, ಮುಷ್ಟಿಯಲ್ಲಿ ಒತ್ತಿ. ಅನುವಾದದಲ್ಲಿ ಎರಡನ್ನೂ ಒಂದೇ ಎಂದು ಎಷ್ಟು ಸಲ ದಾಟಿಸಿದ್ದೇನೋ!

ಕೋಕೋ ಪುಡಿ ಮೆತ್ತಿಕೊಂಡಾಗ ಥೇಟ್ ಮಣ್ಣಿನಿಂದ ಅಗೆದ ಅಣಬೆ. ಟ್ರಫಲ್ ಎಂಬ ಹೆಸರು ಬಂದದ್ದೂ ನೆಲದಡಿಯ ಆ ಅಣಬೆಯಿಂದಲೇ. ಅತ್ತೆಯವು ನುಣ್ಣಗೆ, ದುಂಡಗೆ ಇದ್ದವು. ನನ್ನವುಗಳ ಮೇಲೆ ಮಾತ್ರ, ಅಮ್ಮನ ಉಂಡೆಗಳ ಮೇಲಿರುತ್ತಿದ್ದಂತೆ, ನಾಲ್ಕು ಬೆರಳಿನ ಗುರುತು.